ಹರಾಜಿನ ಮನೆಗೆ ಒಕ್ಕಲು

ಮುನಿತಾಯಮ್ಮನ ಮದುವೆಯಲ್ಲಿ ನಂದಗುಡಿಯ ನೆಂಟರೆಲ್ಲ ಒಂದೇ ಮಾತು ಹೇಳಿದ್ದರು. ಗಂಡು ಮಿಲಿಟರಿಯವನು, ಇನ್ನು ಮನೆಯ ಚಿಂತೆಯೇ ಇಲ್ಲ, ಸರ್ಕಾರವೇ ಮನೆ ಕೊಡುತ್ತದೆ. ಸುಳ್ಳಲ್ಲ, ಸರ್ಕಾರ ಕೊಟ್ಟಿತು. ಅಂಬಾಲದಲ್ಲಿ ಕೊಟ್ಟಿತು, ಝಾನ್ಸಿಯಲ್ಲಿ ಕೊಟ್ಟಿತು, ಜಬಲ್ಪುರದಲ್ಲೂ ಕೊಟ್ಟಿತು. ಕೊಟ್ಟಷ್ಟೇ ಧಾರಾಳವಾಗಿ ವಾಪಸ್ಸು ತೆಗೆದುಕೊಂಡಿತು. ಅವಳು ಹಿತ್ತಲಲ್ಲಿ ಹಾಕಿದ ಅವರೆ ಹೂವಿಗೆ ಬರುವ ಹೊತ್ತಿಗೆ ಗಂಡನಿಗೆ ವರ್ಗವಾಗುತ್ತಿತ್ತು. ಕಾಯಿ ಕೊಯ್ಯುವ ಯೋಗ ಮುಂದೆ ಬರುವ ಯಾವುದೋ ಪಂಜಾಬಿ ಹೆಂಗಸಿಗೆ. ಕ್ವಾರ್ಟರ್ಸು ಬಿಡುವ ದಿನ ಸ್ಟೋರಿನವನೊಬ್ಬ ಬಂದು, ಬಲ್ಬು ಇದೆಯೇ, ಚಿಲಕ ಇದೆಯೇ, ಕಿಟಕಿಯ ಗಾಜು ಇದೆಯೇ ಎಂದು ನೋಡುತ್ತಿದ್ದ. ಈ ಹೆಂಗಸು ಅಷ್ಟು ವರ್ಷ ಆ ಗೋಡೆಗಳ ನಡುವೆ ಎರಡು ಮಕ್ಕಳನ್ನು ಹೆತ್ತು ಬೆಳೆಸಿದ್ದಾಳೆಂಬುದಕ್ಕೆ ಅವನ ಕಾಗದದಲ್ಲಿ ಜಾಗವಿರಲಿಲ್ಲ.

ಗಂಡ ಹವಾಲ್ದಾರ್ ರಾಮಾಂಜಿನಪ್ಪ ದೇಶಕ್ಕಾಗಿ ಎರಡು ಯುದ್ಧಗಳನ್ನು ನೋಡಿದವನು. ನೋಡಿದ್ದು ಅಕ್ಕಿ, ಬೇಳೆ, ಆಲೂಗಡ್ಡೆಯ ಮೂಟೆಗಳ ಹಿಂದಿನಿಂದ, ಅಷ್ಟೆ. ಅವನಿದ್ದದ್ದು ದಾಸ್ತಾನಿನ ವಿಭಾಗದಲ್ಲಿ. ಊರಿಗೆ ಬಂದಾಗ ಜನ "ಎಷ್ಟು ಜನಾನ ಹೊಡ್ದೆಯಪ್ಪಾ?" ಎಂದು ಕೇಳಿದರೆ, ಮೀಸೆಯ ಮೇಲೆ ಕೈಯಾಡಿಸಿ, "ಅದನ್ನೆಲ್ಲ ಹೇಳಂಗಿಲ್ಲ" ಎನ್ನುತ್ತಿದ್ದ. ಅದೂ ಸುಳ್ಳಲ್ಲ. ಹೇಳಲು ಏನೂ ಇರಲಿಲ್ಲ.

ಎಪ್ಪತ್ತಮೂರರಲ್ಲಿ ಅವನು ನಿವೃತ್ತನಾಗಿ, ಹೆಂಡತಿ ಮಕ್ಕಳ ಜೊತೆ ಶಿವಗಂಗೆಯ ತಪ್ಪಲಿನ ತನ್ನ ಹಳ್ಳಿಗೆ ಬಂದ. ಹಿರಿಯರ ಮನೆಯಲ್ಲಿ ಅಣ್ಣ ಬೈಲಪ್ಪನ ಸಂಸಾರವಿತ್ತು. ಬೈಲಪ್ಪ ತಮ್ಮನನ್ನು ತಬ್ಬಿಕೊಂಡು, "ಇದು ನಿನ್ ಮನೆ ಕಣೋ" ಎಂದ. ಮಿಲಿಟರಿ ಕ್ಯಾಂಟೀನಿನ ರಮ್ಮು ಮುಗಿಯುವವರೆಗೂ ಅದು ತಮ್ಮನ ಮನೆಯೇ ಆಗಿತ್ತು. ಕೊನೆಯ ಬಾಟಲು ಖಾಲಿಯಾದ ವಾರ, ಮನೆ ಚಿಕ್ಕದೆಂಬುದು ಬೈಲಪ್ಪನಿಗೆ ಇದ್ದಕ್ಕಿದ್ದಂತೆ ಕಾಣಿಸಿತು. ಒಂದು ದಿನ ಊಟಕ್ಕೆ ಕೂತಾಗ, "ದಾಬಸ್‌ಪೇಟೇಲಿ ಬಾಡಿಗೆ ಮನೆ ಸಿಗ್ತವಂತಲ್ಲೋ, ಮಕ್ಕಳ ಇಸ್ಕೂಲಿಗೂ ಹತ್ರ" ಎಂದ. ಮುನಿತಾಯಮ್ಮ ಕೈ ತೊಳೆದು ಎದ್ದವಳು ಟ್ರಂಕಿಗೆ ಬಟ್ಟೆ ತುಂಬಿದಳು. ಟ್ರಂಕು ತುಂಬುವುದರಲ್ಲಿ ಅವಳನ್ನು ಮೀರಿಸುವವರು ಆ ತಾಲ್ಲೂಕಿನಲ್ಲೇ ಇರಲಿಲ್ಲ.

"ಬಾಡಿಗೆ ಮನೆ ಬ್ಯಾಡ" ಎಂದಳು ಗಂಡನಿಗೆ. "ಸರ್ಕಾರದ ಬಾಡಿಗೆ ಮನೇಲಿ ಇಷ್ಟು ವರ್ಷ ಇದ್ದಿದ್ದಾಯ್ತು. ಬಂದಿರೋ ದುಡ್ಡು ಕರಗೋಕೆ ಮುಂಚೆ ಒಂದು ಗೂಡು ಮಾಡಿ."

ಗೂಡಿನ ಸುದ್ದಿ ತಮಟೆಯ ಮೇಲೆ ಬಂತು. ದಾಬಸ್‌ಪೇಟೆಯ ಬಸ್ಸಿನ ಕೊಂಡಪ್ಪನ ಮನೆ ಹರಾಜಿಗೆ ಬಂದಿತ್ತು. ಈ ಕೊಂಡಪ್ಪನಿಗೆ ಶಿವಗಂಗೆಗೆ ಹೋಗುವ ಭಕ್ತರ ಮೇಲೆ ಕನಿಕರ ಹುಟ್ಟಿ, ಮನೆಯನ್ನು ಅಡವಿಟ್ಟು ಒಂದು ಹಳೆಯ ಬಸ್ಸು ಕೊಂಡಿದ್ದ. ಭಕ್ತರು ಬಸ್ಸಿನಲ್ಲಿ ಕೂತದ್ದಕ್ಕಿಂತ ಬಸ್ಸನ್ನು ತಳ್ಳಿದ್ದೇ ಹೆಚ್ಚು. ಕೊನೆಗೆ ಬಸ್ಸು ಗುಜರಿಗೆ ಹೋಯಿತು, ಸಾಲ ಮನೆಯಲ್ಲೇ ಉಳಿಯಿತು, ಸಾಲ ಕೊಟ್ಟ ಸಂಘದವರು ಬಾಗಿಲಿಗೆ ನೋಟೀಸು ಅಂಟಿಸಿದರು. ಹೆಂಚಿನ ಮನೆ, ಮುಂದೆ ಅಗಲವಾದ ಜಗಲಿ, ಒಳಗೆ ನಡುಮನೆ, ಹಿತ್ತಲಲ್ಲಿ ಬಾವಿ, ಬಾವಿಯ ಪಕ್ಕ ಬಸ್ಸಿಗೆಂದು ಕಟ್ಟಿಸಿದ ತಗಡಿನ ಶೆಡ್ಡು.

ಹರಾಜಿನ ದಿನ ಪೇಟೆಯ ಜನವೆಲ್ಲ ಮನೆಯ ಮುಂದೆ ಸೇರಿದ್ದರು. ಸಂಘದ ಅಧಿಕಾರಿ ಕುರ್ಚಿ ಹಾಕಿಸಿಕೊಂಡು ಕೂತು, ಹರಾಜು ಶುರುವಾಗಬೇಕಾದ ಸರ್ಕಾರಿ ಸವಾಲನ್ನು ಕೂಗಿದ. ಯಾರೂ ಬಾಯಿ ಬಿಡಲಿಲ್ಲ. ಕೆಲವರು ಆಕಾಶ ನೋಡಿದರು, ಕೆಲವರು ಚಪ್ಪಲಿ ನೋಡಿಕೊಂಡರು. ಕೊಂಡಪ್ಪನ ಮೇಲಿನ ಗೌರವದಿಂದ ಯಾರೂ ಕೂಗುತ್ತಿಲ್ಲವೆಂದು ರಾಮಾಂಜಿನಪ್ಪನಿಗೆ ಪಕ್ಕದವನೊಬ್ಬ ಪಿಸುಗುಟ್ಟಿದ. ರಾಮಾಂಜಿನಪ್ಪನ ಕಣ್ಣು ಒದ್ದೆಯಾಯಿತು. ಇಂಥ ಒಗ್ಗಟ್ಟು ಪಲ್ಟನ್ನಿನಲ್ಲೂ ಇರಲಿಲ್ಲವಲ್ಲ ಎಂದುಕೊಂಡ. ಒಗ್ಗಟ್ಟಿನ ಒಳಗುಟ್ಟು ಅವನಿಗೆ ಗೊತ್ತಿರಲಿಲ್ಲ. ಕೊಂಡಪ್ಪನ ಭಾವಮೈದ ಆದಿನಾರಾಯಣಪ್ಪ ಹಿಂದಿನ ದಿನವೇ ಎಲ್ಲರಿಗೂ ಕಾಫಿ ಕುಡಿಸಿ, ಯಾರೂ ಕೂಗಬಾರದೆಂದು ಒಪ್ಪಿಸಿದ್ದ. ಕೊನೆಯಲ್ಲಿ ಅವನೊಬ್ಬನೇ ಕೂಗಿ, ಅಗ್ಗಕ್ಕೆ ಹೊಡೆದುಕೊಳ್ಳುವ ಲೆಕ್ಕ. ಕುಡಿಸದೆ ಬಿಟ್ಟದ್ದು ಊರಿಗೆ ಹೊಸಬನಾದ ಹವಾಲ್ದಾರನೊಬ್ಬನಿಗೆ ಮಾತ್ರ.

ಆದಿನಾರಾಯಣಪ್ಪ ಗಂಟಲು ಸರಿಮಾಡಿಕೊಂಡು ಕೂಗಿದ. ಅಧಿಕಾರಿ "ಒಂದನೇ ಸಾರಿ" ಎಂದ. ಮುನಿತಾಯಮ್ಮ ಹಿಂದಿನಿಂದ ಗಂಡನ ಬೆನ್ನಿಗೆ ಬೆರಳಿನಿಂದ ತಿವಿದಳು. ಅವನು ಕವಾಯತಿನಲ್ಲಿ ಹೆಸರು ಕರೆದಂತೆ ನೆಟ್ಟಗಾಗಿ, ಬೀದಿಯ ತುಂಬ ಕೇಳುವ ದನಿಯಲ್ಲಿ ಮೇಲಿನ ಸವಾಲು ಕೂಗಿಬಿಟ್ಟ. ಆದಿನಾರಾಯಣಪ್ಪ ತಿರುಗಿ ನೋಡಿದ. ಮತ್ತೆರಡು ಸಲ ಏರಿಸಿದ. ಮುನಿತಾಯಮ್ಮನ ಬೆರಳು ಬಿಡಲಿಲ್ಲ. ಮೂರನೇ ಸಾರಿಯ ಹೊತ್ತಿಗೆ ಮನೆ ಹವಾಲ್ದಾರನದಾಯಿತು, ಪೇಟೆ ಪೂರ್ತಿ ಅವನಿಗೆ ಶತ್ರುವಾಯಿತು.

"ಕಂಡೋರ ಮನೆ ಮುರಿಯೋಕೆ ಮಿಲ್ಟ್ರೀಲಿ ಕಲ್ತು ಬಂದವ್ನೆ" ಎಂದು ಆದಿನಾರಾಯಣಪ್ಪ ಹೋಟೆಲಿನಲ್ಲಿ ಎಲ್ಲರೆದುರು ಕಣ್ಣೊರೆಸಿಕೊಂಡ. ಆ ಕಣ್ಣೀರು ಅಪ್ಪಟವಾದದ್ದು. ಅಷ್ಟು ಅಗ್ಗದ ಮನೆ ಕೈತಪ್ಪಿದರೆ ಯಾರಿಗಾದರೂ ಅಳು ಬರುತ್ತದೆ.

ಕಾಗದಪತ್ರಗಳೆಲ್ಲ ಕೈಸೇರಿದ ಮೇಲೆ ಗಂಡಹೆಂಡಿರು ಟ್ರಂಕು, ಹಾಸಿಗೆ, ಮಕ್ಕಳೊಂದಿಗೆ ತಮ್ಮ ಮನೆಗೆ ಬಂದರು. ಜಗಲಿಯ ಮೇಲೆ ಕೊಂಡಪ್ಪ ಎಲೆಯಡಿಕೆ ಹಾಕಿಕೊಳ್ಳುತ್ತ ಕೂತಿದ್ದ. ಎದ್ದು ಬಂದು ಕೈಮುಗಿದು, ಬಾಯ್ತುಂಬ ಮಾತನಾಡಿಸಿದ.

"ಬನ್ನಿ ಬನ್ನಿ. ಈಗ ಆಷಾಢ ನೋಡಿ, ಒಕ್ಕಲಾಗೋ ಹಂಗಿಲ್ಲ. ಶ್ರಾವಣ ಬರ್ಲಿ, ನಾವೇ ಬಿಟ್ಕೊಡ್ತೀವಿ. ಅಲ್ಲೀಗಂಟ ಹಿತ್ಲಲ್ಲಿ ಬಸ್ಸಿನ ಶೆಡ್ಡು ಖಾಲಿ ಐತೆ, ಇರಿ. ಬಾಡಿಗೆ ಏನೂ ಬ್ಯಾಡ."

ತನ್ನದೇ ಶೆಡ್ಡಿನಲ್ಲಿ ಬಾಡಿಗೆಯಿಲ್ಲದೆ ಇರಲು ಸಿಕ್ಕ ಅವಕಾಶಕ್ಕೆ ರಾಮಾಂಜಿನಪ್ಪ ಥ್ಯಾಂಕ್ಸ್ ಕೂಡ ಹೇಳಿದ. ಮುನಿತಾಯಮ್ಮ ಅವನ ಮುಖವನ್ನೇ ನೋಡಿದಳು. ಶೆಡ್ಡಿನ ನೆಲಕ್ಕೆ ಇಂಗಿದ್ದ ಡೀಸೆಲ್ಲಿನ ವಾಸನೆಗೆ ಮಕ್ಕಳು ಮೂಗು ಮುಚ್ಚಿಕೊಂಡವು. ತಗಡಿನ ಮೇಲೆ ಮಳೆ ಬಿದ್ದರೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಗಂಡನ ಜೊತೆ ಮಾತು ಬೇಕಾಗಿಲ್ಲದ ದಿನಗಳಲ್ಲಿ ಮುನಿತಾಯಮ್ಮನಿಗೆ ಅದೊಂದು ಅನುಕೂಲವಾಗಿತ್ತು.

ಶ್ರಾವಣ ಬಂತು. ಆಗ ಕೊಂಡಪ್ಪನಿಗೆ ಬೆನ್ನುನೋವು. ಭಾದ್ರಪದದಲ್ಲಿ ಹಿರಿಯರ ಪಕ್ಷ. ಸತ್ತ ಅಪ್ಪ ಹಳೆಯ ವಿಳಾಸಕ್ಕೆ ಬಂದು ಹುಡುಕಾಡಬಾರದಲ್ಲ. ದಸರೆಯಲ್ಲಿ ಪೂಜೆ, ದೀಪಾವಳಿಗೆ ನೆಂಟರು. ಬಂದವರು ಹಿತ್ತಲ ಕಡೆ ನೋಡಿ ಯಾರೆಂದು ಕೇಳಿದರೆ, ಕೊಂಡಪ್ಪ ತಗ್ಗಿದ ದನಿಯಲ್ಲಿ, "ಯಾರೋ ಮಿಲ್ಟ್ರಿಯೋರು. ಪಾಪ, ನೆಲೆ ಇಲ್ಲ" ಎನ್ನುತ್ತಿದ್ದ.

ಕೋರ್ಟಿನಿಂದ ಅಮೀನನೊಬ್ಬ ಸ್ವಾಧೀನ ಕೊಡಿಸಲು ಬಂದ. ಕೊಂಡಪ್ಪ ಅವನನ್ನು ನಡುಮನೆಯಲ್ಲಿ ಕೂರಿಸಿ ಕೋಳಿಸಾರು, ಮುದ್ದೆ ಬಡಿಸಿದ. ಉಂಡ ಮನೆಯ ಸಾಮಾನು ಬೀದಿಗೆ ಹಾಕುವಷ್ಟು ಕೃತಘ್ನ ಅಮೀನನಲ್ಲ. ಮನೆಯಲ್ಲಿ ಗಂಡಸರು ಯಾರೂ ಇರಲಿಲ್ಲವೆಂದು ಬರೆದುಕೊಂಡು ಹೋದ. ರಾಮಾಂಜಿನಪ್ಪ ಮಾಜಿ ಸೈನಿಕರ ಕಚೇರಿಗೆ ಅರ್ಜಿ ಹಾಕಿದ. ಅವರು ಅದನ್ನು ಇನ್ನೊಂದು ಕಚೇರಿಗೆ ಕಳಿಸಿದರು, ಆ ಕಚೇರಿ ಮತ್ತೊಂದಕ್ಕೆ. ಅರ್ಜಿ ತನಗಿಂತ ಹೆಚ್ಚು ಊರು ಸುತ್ತಿತೆಂದು ಅವನಿಗೆ ಹೆಮ್ಮೆಯೋ ಬೇಸರವೋ, ಹೇಳುವುದು ಕಷ್ಟ.

"ಪಾಕಿಸ್ತಾನದೋರನ್ನ ಓಡ್ಸಿದ್ರಂತೆ" ಎಂದಳು ಮುನಿತಾಯಮ್ಮ. "ಈ ಬೆನ್ನುನೋವಿನ ಮುದುಕನ್ನ ನಡುಮನೆಯಿಂದ ಜಗಲಿಗೆ ತರೋಕೆ ಆಗ್ಲಿಲ್ವಲ್ಲ."

"ಆರ್ಡರ್ ಬರ್ಬೇಕು ಕಣೆ" ಎಂದ ರಾಮಾಂಜಿನಪ್ಪ.

ಒಂದು ಬೆಳಗ್ಗೆ ಬಾವಿಯ ಹತ್ತಿರ ಕೊಂಡಪ್ಪನ ಹೆಂಡತಿ ರುಕ್ಮಿಣಮ್ಮ ಬಿಂದಿಗೆ ಎತ್ತಲಾಗದೆ ಕಟ್ಟೆಯ ಮೇಲೆ ಕೂತುಬಿಟ್ಟಿದ್ದಳು. ಅಷ್ಟು ತಿಂಗಳು ಅವರಿಬ್ಬರ ನಡುವೆ ಮಾತಿರಲಿಲ್ಲ. ಮುನಿತಾಯಮ್ಮ ಅವಳನ್ನು ಎಬ್ಬಿಸಿ, ಬಿಂದಿಗೆ ಎತ್ತಿ ಅವಳ ಸೊಂಟಕ್ಕಿಟ್ಟಳು. ರುಕ್ಮಿಣಮ್ಮ ಹೋಗಲಿಲ್ಲ. ಬಿಂದಿಗೆಯನ್ನು ಮತ್ತೆ ಕೆಳಗಿಟ್ಟಳು.

"ನಿಂಗೆ ನನ್ ಮೇಲೆ ಕೋಪ ಇರ್ತದೆ ಕಣಮ್ಮ."

"ನಿಮ್ ಮೇಲೆ ಯಾಕಕ್ಕ? ಶೆಡ್ಡು ಕೊಟ್ಟಿದ್ದೀರಲ್ಲ."

ರುಕ್ಮಿಣಮ್ಮ ಆ ಮಾತಿನ ಮೊನೆ ತಿಳಿದರೂ ತಿಳಿಯದವಳಂತೆ ಹೇಳುತ್ತ ಹೋದಳು. ದೊಡ್ಡಬಳ್ಳಾಪುರದಲ್ಲಿ ಮಗಳಿದ್ದಾಳೆ, ಅಳಿಯನಿಗೆ ಮಗ್ಗಗಳಿವೆ, ಬನ್ನಿ ಬನ್ನಿ ಎಂದು ಹರಾಜಿನ ದಿನದಿಂದ ಕರೆಯುತ್ತಲೇ ಇದ್ದಾರೆ. "ಅಳಿಯನ ಮನೇಲಿರೋದು ಮರ್ಯಾದೆ ಅಲ್ಲಂತೆ ಇವ್ರಿಗೆ. ಕಂಡೋರ ಮನೇಲಿ ಬಾಗ್ಲು ಹಾಕ್ಕೊಂಡು ಕೂತಿರೋದು ಮರ್ಯಾದೆಯಂತೆ." ಬಿಂದಿಗೆಯನ್ನು ಪಕ್ಕಕ್ಕೆ ಸರಿಸಿ ಮತ್ತೆ ಹೇಳಿದಳು: "ನಮ್ಮ ಆದಿನಾರಾಯಣ ತಗೊಂಡಿದ್ರೆ ಮಾರನೇ ದಿನ್ವೇ ನಮ್ಮನ್ನ ಬೀದಿಗೆ ಹಾಕ್ತಿದ್ದ. ಒಡಹುಟ್ಟಿದೋನು, ನಂಗೊತ್ತಿಲ್ವಾ. ನಾನು ಈ ಮನೆಗೆ ಬಂದಾಗ ಹದಿಮೂರು ವರ್ಸ. ಅಕ್ಕಿ ಒದ್ದು ಒಳೀಕೆ ಬಂದೋಳು. ಸಾಮಾನು ಬೀದಿಗೆ ಬಿದ್ದ ಮೇಲೆ ಹೊರಗೆ ಹೋಗೋಕೆ ನಂಗೆ ಕಾಲು ಬರಾಕಿಲ್ಲ ಕಣಮ್ಮ."

ಅವಳು ಅಳಲಿಲ್ಲ. ಬಿಂದಿಗೆಯ ಬಾಯಿಯನ್ನು ಸೆರಗಿನಿಂದ ಒರೆಸುತ್ತಲೇ ಇದ್ದಳು. ಮುನಿತಾಯಮ್ಮನಿಗೆ ತಾನು ಬಿಟ್ಟುಬಂದ ಕ್ವಾರ್ಟರ್ಸುಗಳೆಲ್ಲ ನೆನಪಾದವು. ಹೋಗಿ ಬಾ ಎಂದು ಹೇಳುವವರಿಲ್ಲದೆ ಮನೆ ಬಿಡುವುದು ಹೇಗಿರುತ್ತದೆಂದು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಅಂದು ಸಂಜೆ ಅವಳು ಗಂಡನಿಗೆ ಹೇಳಿದಳು: "ಮನೆ ಒಕ್ಕಲು ಮಾಡೋಣ."

"ಅವ್ರು ಒಳಗಿದ್ದಾರಲ್ಲೇ?"

"ಇರ್ಲಿ. ಒಕ್ಕಲಿಗೆ ಜನ ಬ್ಯಾಡ್ವಾ?"

ಮುನಿತಾಯಮ್ಮ ಕುಂಕುಮದ ಬಟ್ಟಲು ಹಿಡಿದು ಮನೆಮನೆಗೆ ಹೋದಳು. ತಮಗೆ ಸುಣ್ಣ ಹೊಡೆಯಲು ಆಳು ಕೊಡದ ಮನೆ, ಹಾಲು ಕೊಡದ ಮನೆ, ಮುಖ ಕೊಡದ ಮನೆ, ಒಂದನ್ನೂ ಬಿಡಲಿಲ್ಲ. ಒಬ್ಬಟ್ಟಿನ ಊಟವೆಂದು ಎಲ್ಲ ಕಡೆ ಹೇಳಿದಳು. ದಾಬಸ್‌ಪೇಟೆಯ ಜನ ತತ್ವಕ್ಕಾಗಿ ಏನು ಬೇಕಾದರೂ ತ್ಯಾಗ ಮಾಡಬಲ್ಲವರು, ಒಬ್ಬಟ್ಟೊಂದನ್ನು ಬಿಟ್ಟು. ಕೊಂಡಪ್ಪನಿಗೆ ಮೊದಲು ಸಿಟ್ಟು ಬಂತು. ಊರವರೆಲ್ಲ ಬರುತ್ತಾರೆಂದು ತಿಳಿದ ಮೇಲೆ, ತನ್ನ ಮನೆಯಲ್ಲಿ ಊಟ ನಡೆಯುವಾಗ ತಾನು ಮುಂದೆ ನಿಲ್ಲದಿದ್ದರೆ ಚೆನ್ನಾಗಿರುವುದಿಲ್ಲವೆಂದು ತೋರಿತು. ಜರಿಯಂಚಿನ ಪಂಚೆ ಉಟ್ಟು, ಒಲೆಯ ಹತ್ತಿರ ನಿಂತು, ಹೂರಣ ಗಟ್ಟಿಯಾಯಿತೆಂದು ಅಡುಗೆಯವರನ್ನು ಗದರಿದ. ಬೆನ್ನುನೋವು ಅಂದು ಎಲ್ಲೋ ಊರಿಗೆ ಹೋಗಿತ್ತು.

ಅಂದೇ ಬೆಳಗ್ಗೆ ಮುನಿತಾಯಮ್ಮ ನಡುಮನೆಯಲ್ಲಿ ಒಲೆ ಹೂಡಿ ಹಾಲು ಉಕ್ಕಿಸಿದಳು. ಹಾಲು ಪಾತ್ರೆಯ ಅಂಚು ದಾಟಿ ಹರಿಯಿತು. ಗಂಡ ಪಕ್ಕದಲ್ಲಿ ಅಟೆನ್ಷನ್ನಿನಲ್ಲಿ ನಿಂತಿದ್ದ. ಊರವರು ಸಾಲಾಗಿ ಕೂತು ಉಂಡರು. ಆದಿನಾರಾಯಣಪ್ಪನೂ ಬಂದು, ನಾಲಿಗೆಗೆ ರುಚಿ ಹತ್ತಿದ ಮೇಲೆ, "ಮಿಲ್ಟ್ರಿ ಮನೆ ಒಬ್ಬಟ್ಟು ಚೆನ್ನಾಗದೆ" ಎಂದ. ಮಿಲ್ಟ್ರಿ ಮನೆ ಎಂದು ಬಾಯಿಂದ ಬಂದದ್ದು ಅವನಿಗೇ ಆಮೇಲೆ ಅರಿವಾಯಿತು.

ಊಟ ಮುಗಿದು ಹೆಂಗಸರು ಅರಿಶಿನ ಕುಂಕುಮಕ್ಕೆ ಕೂತಾಗ, ಮುನಿತಾಯಮ್ಮ ರುಕ್ಮಿಣಮ್ಮನನ್ನು ನಡುಮನೆಯ ಮಣೆಯ ಮೇಲೆ ಕೂರಿಸಿದಳು. ಹಸಿರು ಸೀರೆ, ಕುಪ್ಪಸದ ಬಟ್ಟೆ, ಬಳೆ ಕೊಟ್ಟಳು. ಆಮೇಲೆ ಮೊರದಿಂದ ಬೊಗಸೆಬೊಗಸೆ ಅಕ್ಕಿ, ಕೊಬ್ಬರಿ, ಬೆಲ್ಲದಚ್ಚು, ಎಲೆಯಡಿಕೆ ತೆಗೆದು ಅವಳ ಮಡಿಲಿಗೆ ತುಂಬತೊಡಗಿದಳು. ಕೂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತವರಿನಿಂದ ಗಂಡನ ಮನೆಗೆ ಹೊರಡುವ ಮಗಳಿಗೆ ಕೊಡುವ ಮಡಿಲಕ್ಕಿ ಅದು. ತುಂಬಿಸಿಕೊಂಡವಳು ಮತ್ತೆ ಅಲ್ಲಿ ಕೂರುವುದಿಲ್ಲ, ಹೊರಡಬೇಕು.

ರುಕ್ಮಿಣಮ್ಮ ಮಡಿಲು ನೋಡಿಕೊಂಡಳು, ಮುನಿತಾಯಮ್ಮನ ಮುಖ ನೋಡಿದಳು. ಸೆರಗಿನ ಅಂಚನ್ನು ಬಿಗಿಯಾಗಿ ಹಿಡಿದು, ಇನ್ನೊಂದು ಬೊಗಸೆ ಹಾಕಲು ಅಗಲ ಮಾಡಿದಳು.

"ಹೋಗ್ಬರ್ತೀನಿ ಕಣಮ್ಮ" ಎಂದು ಎದ್ದಳು. ದೇವರ ಗೂಡಿಗೆ ಕೈಮುಗಿದು, ಹೊಸಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಜಗಲಿಯ ಮೇಲೆ ತಾಂಬೂಲ ಹಂಚುತ್ತಿದ್ದ ಗಂಡನಿಗೆ, "ನಾನು ಮಗಳ ಮನೆಗೆ ಹೊಂಟೆ" ಎಂದಳು.

"ಮಡಿಲು ತುಂಬ್ಸಿಕೊಂಡ್ಯಾ?" ಕೊಂಡಪ್ಪನ ಕೈಯಲ್ಲಿದ್ದ ತಟ್ಟೆ ವಾಲಿತು. "ಯಾರನ್ನ ಕೇಳ್ದೆ?"

"ಮನೆ ಅಡ ಇಕ್ಕೋವಾಗ ನೀವು ಯಾರನ್ನ ಕೇಳಿದ್ರಿ?"

ಸಂಜೆಯ ಬಸ್ಸಿಗೆ ಅವಳು ಹೋದಳು. ಕೊಂಡಪ್ಪ ಮರ್ಯಾದೆ ಕಾಯಲು ಹಿಂದೆ ಉಳಿದ. ಉಳಿದ ಒಬ್ಬಟ್ಟು ಮುಗಿಯುವವರೆಗೆ ಮರ್ಯಾದೆಯೂ ಗಟ್ಟಿಯಾಗಿತ್ತು. ಆಮೇಲೆ ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಒಂದೊಂದಾಗಿ ಮುಚ್ಚಳ ತೆಗೆದು ನೋಡಿ, ಪಂಚೆ ಕಟ್ಟಿಕೊಂಡು ಹೊರಟ. ಅವನ ಪೆಟ್ಟಿಗೆಯನ್ನು ಬಸ್ಸಿನವರೆಗೆ ಹೊತ್ತದ್ದು ರಾಮಾಂಜಿನಪ್ಪ. ಬಸ್ಸು ಹೊರಡುವಾಗ ಅಭ್ಯಾಸಬಲದಿಂದ ಒಂದು ಸೆಲ್ಯೂಟನ್ನೂ ಹೊಡೆದ. ಮಿಲ್ಟ್ರಿಯವನು ಬಂದೂಕು ತೋರಿಸಿ ಕೊಂಡಪ್ಪನನ್ನು ಓಡಿಸಿದನೆಂದು ಪೇಟೆಯಲ್ಲಿ ಸುದ್ದಿಯಾಯಿತು. ಕೇಳಿದವರಿಗೆ ರಾಮಾಂಜಿನಪ್ಪ, "ಅದನ್ನೆಲ್ಲ ಹೇಳಂಗಿಲ್ಲ" ಎಂದ.

ಮುನಿತಾಯಮ್ಮ ಎಲ್ಲವನ್ನೂ ಯೋಚಿಸಿದ್ದಳು, ಒಂದನ್ನು ಬಿಟ್ಟು. ಮಡಿಲು ತುಂಬಿ ಕಳಿಸಿದ ಮೇಲೆ ರುಕ್ಮಿಣಮ್ಮ ಆ ಮನೆಯ ಮಗಳಾದಳು. ತನಗಿಂತ ಇಪ್ಪತ್ತು ವರ್ಷ ದೊಡ್ಡ ಮಗಳು. ಮುಂದಿನ ಗೌರಿ ಹಬ್ಬಕ್ಕೆ ಬಾಗಿನ ಕೊಡದಿದ್ದರೆ ಊರು ಬಿಡುತ್ತದೆಯೇ? ಕರೆದಳು. ರುಕ್ಮಿಣಮ್ಮ ಬಂದಳು, ಜೊತೆಗೆ ಕೊಂಡಪ್ಪನೂ ಬಂದ. ಈಗ ಅವನು ಅಳಿಯ. ಜಗಲಿಯ ಮೇಲೆ ಕಾಲು ಚಾಚಿ ಕೂತು, ಕಾಫಿಗೆ ಬೆಲ್ಲ ಕಮ್ಮಿಯಾಯಿತೆಂದ. ರುಕ್ಮಿಣಮ್ಮ ಒಳಗೆ ಹೋದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಳೆ ಬಂದರೆ ನಡುಮನೆಯ ಯಾವ ಹೆಂಚಿನ ಕೆಳಗೆ ಪಾತ್ರೆ ಇಡಬೇಕೆಂದು ತೋರಿಸಿಕೊಟ್ಟಳು. ಮುನಿತಾಯಮ್ಮ ಹಿತ್ತಲಲ್ಲಿ ಬೆಳೆದು ಒಣಗಿಸಿಟ್ಟಿದ್ದ ಅವರೆಕಾಯನ್ನು ಇಬ್ಬರೂ ಕೂತು ಬಿಡಿಸಿದರು. ಹಬ್ಬ ಮುಗಿದು ನಾಲ್ಕು ದಿನವಾದರೂ ಜಗಲಿಯಿಂದ ಕೊಂಡಪ್ಪ ಏಳುವ ಲಕ್ಷಣ ಕಾಣಲಿಲ್ಲ.

"ಯಾವಾಗ ಹೊರಡ್ತಾರಂತೆ?" ಎಂದು ರಾಮಾಂಜಿನಪ್ಪ ಅಡುಗೆಮನೆಗೆ ಬಂದು ಪಿಸುದನಿಯಲ್ಲಿ ಕೇಳಿದ.

"ಬೆನ್ನುನೋವಂತೆ" ಎಂದಳು ಮುನಿತಾಯಮ್ಮ.