ಚೆಕ್ಕಿನ ಮೂಲೆಗೆ ಎರಡು ಗೆರೆ

ಅಮೆರಿಕದ ಬೆಲ್ವ್ಯೂ ಡೌನ್‌ಟೌನಿನ ಆ ಮನೆಗೆ ಇದ್ದದ್ದು ಒಂದೇ ಕೋಣೆ, ಗೋಡೆಗಂಟಿದ ಪುಟ್ಟ ಅಡುಗೆಕಟ್ಟೆ. ಹಾಸ್ಟೆಲ್, ಪಿ.ಜಿ., ಆಮೇಲೆ ರೆಡ್ಮಂಡಿನಲ್ಲಿ ಇನ್ನಿಬ್ಬರ ಜೊತೆ ಹಂಚಿಕೊಂಡ ಮನೆ. ನಾನು ಎಂದೂ ಒಬ್ಬಳೇ ಇದ್ದವಳಲ್ಲ. ಆ ಕೋಣೆ ನನಗೆ ಬೇಕೇಬೇಕಿತ್ತು. ಶುಕ್ರವಾರ ಸಂಜೆ ಐದರೊಳಗೆ ಅಡ್ವಾನ್ಸ್ ಕಟ್ಟದಿದ್ದರೆ ಬೇರೊಬ್ಬರಿಗೆ ಕೊಡುತ್ತೇವೆ ಎಂದು ಬಾಡಿಗೆ ಕಚೇರಿಯವರು ಹೇಳಿಬಿಟ್ಟಿದ್ದರು. ಕಾರ್ಡ್ ನಡೆಯುವುದಿಲ್ಲ, ಆನ್‌ಲೈನ್ ನಡೆಯುವುದಿಲ್ಲ, ಕ್ಯಾಷಿಯರ್ಸ್ ಚೆಕ್ಕೇ ಆಗಬೇಕು. ನಮ್ಮಲ್ಲಿಯ ಡಿ.ಡಿ. ಇದ್ದ ಹಾಗೆ, ಬ್ಯಾಂಕಿನವರೇ ಬರೆದುಕೊಡುವ ಚೆಕ್ಕು ಅದು. ಸುತ್ತ ಎಲ್ಲರೂ ಸಾಫ್ಟ್‌ವೇರ್ ಬರೆಯುವ ಊರಿನಲ್ಲಿ, 2014ರಲ್ಲಿ, ಹಣವನ್ನು ಕೈಯಲ್ಲಿ ಹಿಡಿದು ಹೊತ್ತೊಯ್ಯಬೇಕಿತ್ತು.

ನನಗಾಗ ಕಾರಿರಲಿಲ್ಲ. ಓವರ್‌ಲೇಕಿನ ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಮೈಸೂರಿನ ಅಕ್ಕ ಕರೆದುಕೊಂಡು ಹೊರಟರು. ಅವರು ಬಿಟ್‌ಕಾಯಿನ್ ಭಕ್ತೆ. ಊಟದ ಹೊತ್ತಿನಲ್ಲಿ ಅದರ ಮಾತೆತ್ತಿದರೆ ಚಪಾತಿ ತಣ್ಣಗಾಗುವವರೆಗೂ ನಿಲ್ಲಿಸುತ್ತಿರಲಿಲ್ಲ.

"ನೋಡೇ, ನನ್ ದುಡ್ಡು ಫೋನಿಂದ ಎದ್ದು ತಾನೇ ಜಪಾನ್‌ಗೆ ಹೋಗತ್ತೆ. ನಿನ್ ದುಡ್ಡಿಗೆ ಡ್ರೈವರ್ ಬೇಕು!"

"ರಸ್ತೆ ನೋಡಿ ಅಕ್ಕ."

ಬ್ಯಾಂಕಿನಲ್ಲಿ ಚೆಕ್ಕು ಬೇಗನೇ ಸಿಕ್ಕಿತು. ಕಾರಿನಲ್ಲಿ ಕೂತು, ಅದನ್ನು ಮಡಿಲಲ್ಲಿ ಹರಡಿಕೊಂಡು, ಎಡಮೂಲೆಯಲ್ಲಿ ಎರಡು ಓರೆ ಗೆರೆ ಎಳೆದು ನಡುವೆ 'ಎ/ಸಿ ಪೇಯಿ ಓನ್ಲಿ' ಎಂದು ಅಚ್ಚುಕಟ್ಟಾಗಿ ಬರೆದೆ. ಯಾರ ಹೆಸರಿಗೆ ಬರೆದಿದೆಯೋ ಅವರ ಖಾತೆಗಲ್ಲದೆ ಬೇರೆಲ್ಲೂ ಹಣ ಹೋಗದಿರಲೆಂದು ನಮ್ಮೂರಿನಲ್ಲಿ ಎಲ್ಲರೂ ಹಾಗೆ ಮಾಡುತ್ತಾರೆ. ನಮ್ಮ ಮನೆಯಲ್ಲಂತೂ ಗೆರೆಯಿಲ್ಲದ ಚೆಕ್ಕು ಹೊಸ್ತಿಲು ದಾಟುತ್ತಿರಲಿಲ್ಲ. ಅಕ್ಕನೂ ಅದನ್ನು ನೋಡಿದರು. ಅವರಿಗೂ ಏನೂ ಅನ್ನಿಸಲಿಲ್ಲ.

ಬಾಡಿಗೆ ಕಚೇರಿಯಲ್ಲಿದ್ದ ಹಿರಿಯ ಹೆಂಗಸು ಚೆಕ್ಕನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಇದನ್ನ ಯಾಕೆ ರದ್ದು ಮಾಡಿದ್ದೀಯ?"

"ರದ್ದಲ್ಲ, ಕ್ರಾಸ್ ಮಾಡಿದ್ದೀನಿ."

"ಅದೇ ಕೇಳ್ತಿರೋದು. ಯಾಕೆ ಹೊಡೆದು ಹಾಕಿದ್ದೀಯ?"

ಚೆಕ್ಕಿಗೆ ಗೆರೆ ಎಳೆಯುವ ರೂಢಿಯೇ ಅಲ್ಲಿಲ್ಲ. ನಾನು ವಿವರಿಸಿದಷ್ಟೂ ಅವಳ ಮುಖದಲ್ಲಿ ಕನಿಕರ ಹೆಚ್ಚಿತು. ಗೀಚಿದ ಚೆಕ್ಕು ತಗೊಳ್ಳುವಂತಿಲ್ಲ, ಹೊಸದು ತಾ, ಐದಕ್ಕೆ ಬಾಗಿಲು ಹಾಕುತ್ತೇನೆ ಎಂದಳು. ಗಡಿಯಾರ ನಾಲ್ಕು ದಾಟಿತ್ತು.

ಅಕ್ಕ ಮುಂದೆ ಬಾಗಿ ಗಂಭೀರವಾಗಿ ಕೇಳಿದರು: "ಬಿಟ್‌ಕಾಯಿನ್ ತಗೊಳ್ತೀರಾ?"

"ಅದು ಯಾವ ದೇಶದ್ದು?"

ಅಲ್ಲಿಂದ ಶುರುವಾಯಿತು ನಗು. ಲಿಫ್ಟಿನಲ್ಲಿ ಅಕ್ಕ ನಕ್ಕರು, ಕಾರಿನಲ್ಲಿ ನಾನು ನಕ್ಕೆ. ಸಿಗ್ನಲ್ಲುಗಳೆಲ್ಲ ಕೆಂಪಾದಾಗ ಅಳುವ ಬದಲು ಇಬ್ಬರೂ ಹೊಟ್ಟೆ ಹಿಡಿದುಕೊಂಡೆವು.

"ಸೇಫ್ಟಿ ಅಂತೆ, ಸೇಫ್ಟಿ! ಎಷ್ಟು ಸೇಫ್ ಮಾಡಿದೀಯ ಅಂದ್ರೆ ಯಾರೂ ಮುಟ್ಟಲ್ಲ ಕಣೇ!"

"ಸುಮ್ನಿರಿ ಅಕ್ಕ, ಮನೆ ಹೋಗತ್ತೆ!" ಎನ್ನುವಷ್ಟರಲ್ಲಿ ನನಗೆ ಮತ್ತೆ ನಗು.

ಬ್ಯಾಂಕಿನ ಹುಡುಗಿ ಚೆಕ್ಕನ್ನು ನೋಡಿ ಒಳಗೆ ಹೋದಳು. ಮ್ಯಾನೇಜರ್ ಬಂದ, ನನ್ನನ್ನು ನೋಡಿದ, ಮತ್ತೆ ಚೆಕ್ಕನ್ನು ನೋಡಿದ. ಯಾರಾದರೂ ಬಲವಂತ ಮಾಡಿ ಹೀಗೆ ಬರೆಸಿದರೇ ಎಂದು ಮೆಲ್ಲಗೆ ಕೇಳಿದ. ಇಲ್ಲ, ನಮ್ಮಲ್ಲಿ ಹೀಗೇ ಎಂದೆ. ಹಳೆಯದನ್ನು ವಾಪಸು ಪಡೆದು ಹೊಸದು ಬರೆದುಕೊಟ್ಟರು. ಅಕ್ಕ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ತಮ್ಮ ಬ್ಯಾಗಿಗೆ ಹಾಕಿಕೊಂಡರು.

ಕಚೇರಿಗೆ ಓಡಿ ಬಂದಾಗ ಆ ಹೆಂಗಸು ಕೋಟು ಹಾಕಿಕೊಳ್ಳುತ್ತಿದ್ದಳು. ನನ್ನ ಕೆದರಿದ ಕೂದಲು ನೋಡಿ ಕೋಟು ತೆಗೆದಿಟ್ಟಳು. ಸಹಿಗಳೆಲ್ಲ ಮುಗಿದು ಬೀಗದ ಕೈ ನನ್ನ ಅಂಗೈಗೆ ಬಂತು.

ಅಕ್ಕ ಮೇಲಿನವರೆಗೂ ಬಂದರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಏನೇ, ಒಳಗೆ ಕರೆಯಲ್ವಾ?"

"ನಾಳೆ ಬನ್ನಿ ಅಕ್ಕ. ಇವತ್ತು ಒಬ್ಳೇ."

ಅವರು ಕಣ್ಣರಳಿಸಿ ನೋಡಿದರು. "ಆಹಾ, ಮಹಾರಾಣಿ! ಪೆಟ್ರೋಲಿನ ಲೆಕ್ಕ ನಾಳೆ ಮಾತಾಡ್ತೀನಿ," ಎಂದು ನಗುತ್ತಾ ಇಳಿದುಹೋದರು.

ಬಾಗಿಲು ಹಾಕಿದೆ. ಒಳಗಿನಿಂದ ಬೀಗ ತಿರುಗಿಸಿದೆ, ತೆಗೆದೆ, ಮತ್ತೆ ತಿರುಗಿಸಿದೆ. ಚಪ್ಪಲಿ ಬಿಟ್ಟು ಆ ಖಾಲಿ ಕೋಣೆಯ ನಡುವೆ, ತಲೆ ಗಿರ್ರೆನ್ನುವವರೆಗೆ ಸುತ್ತಿದೆ. ಕಾರ್ಪೆಟ್ಟಿನ ಮೇಲೆ ಬಿದ್ದು ಜೋರಾಗಿ ನಕ್ಕೆ. ಏನಾಯಿತೆಂದು ಯಾರೂ ಕೇಳಲಿಲ್ಲ.