ಸಮುದ್ರದ ದೇವರಿಗೆ ಸುಧಾಳ ಹೊಸ ಅಡ್ರೆಸ್

ಶೂ ಬಿಚ್ಚೋಕೆ ಬಗ್ಗಿದ ನನ್ನನ್ನ ಮೋರಿ-ಸಾನ್ ತಡೆದ್ರು. ಇಲ್ಲಿ ಶೂ ಹಾಕ್ಕೊಂಡೇ ದೇವರ ಮುಂದೆ ನಿಲ್ಲಬಹುದಂತೆ.

ರಿಸೆಷನ್ ಟೈಮು. ಅಮೆರಿಕದ ವಿಕ್ಸಮ್‌ನಲ್ಲಿ ಕಾರಿನ ಪಾರ್ಟ್ಸ್ ಮಾಡೋ ಜಪಾನಿನ ಕಂಪನಿಯೊಂದರಲ್ಲಿ ನಾನು ಇಂಜಿನಿಯರ್, ಮೋರಿ-ಸಾನ್, ಅಂದ್ರೆ ಮೋರಿಯವರು, ನನ್ನ ಮ್ಯಾನೇಜರ್. ಎರಡು ವಾರದ ಕೆಲಸಕ್ಕೆ ಜಪಾನಿಗೆ ಬಂದಿದ್ವಿ. ಭಾನುವಾರ ಬೆಳಿಗ್ಗೆ ಅವರೂರಿನ ಸಮುದ್ರದ ದಂಡೆಯ ಶಿಂಟೋ ದೇವಸ್ಥಾನಕ್ಕೆ ಕರ್ಕೊಂಡು ಹೋದ್ರು.

ನಿಜ ಹೇಳ್ಬೇಕಂದ್ರೆ ನನಗೆ ಅವರ ಮೇಲೆ ಸಿಟ್ಟಿತ್ತು. ನಮ್ಮ ಟೀಮಿನ ಆರು ಜನರನ್ನ ಲೇಆಫ್ ಮಾಡಿದ್ದು ಅವರೇ. ದಿನಾ ನನ್ನ ಜೊತೆ ಕಾರಲ್ಲಿ ಬರ್ತಿದ್ದ ಸುಧಾನೂ ಅದರಲ್ಲಿ ಒಬ್ಬಳು.

ಕಲ್ಲಿನ ತೊಟ್ಟಿಯ ನೀರಲ್ಲಿ ಕೈ ತೊಳೆದು ಬಾಯಿ ಮುಕ್ಕಳಿಸಿದ್ವಿ. ಎರಡು ಸಲ ಬಗ್ಗಿ ನಮಸ್ಕಾರ, ಎರಡು ಚಪ್ಪಾಳೆ, ಆಮೇಲೆ ಪ್ರಾರ್ಥನೆ.

ಒಳಗೆ ಮೂರ್ತಿ ಕಾಣಲ್ಲ. ಬೆನ್ನ ಹಿಂದೆ ಅಲೆಯ ಸದ್ದು ಅಷ್ಟೆ...

ನಂದು ಬೇಗ ಮುಗೀತು. ಅವರದು ಮುಗೀತಾನೇ ಇಲ್ಲ. ತುಟಿಯಲ್ಲೇ ಏನೋ ಹೇಳ್ತಿದಾರೆ. ಜಪಾನಿ ಮಾತಿನ ಮಧ್ಯೆ "ನಾರ್ತ್‌ವಿಲ್... ಸುದಾ-ಸಾನ್" ಅಂತ ಕೇಳಿಸ್ತು.

ಮೆಟ್ಟಿಲು ಇಳೀತಾ ಏನದು ಅಂತ ಕೇಳಿದೆ.

ಇಲ್ಲಿ ದೇವರಿಗೆ ಮೊದಲು ಹೆಸರು, ಅಡ್ರೆಸ್ ಹೇಳ್ಕೋತಾರಂತೆ. ನಾವು ಅರ್ಚನೆಗೆ ಹೆಸರು, ಗೋತ್ರ, ನಕ್ಷತ್ರ ಹೇಳ್ತೀವಲ್ಲ, ಹಾಗೆ. ಕೆಲಸ ಹೋದ ಆರೂ ಜನರದನ್ನ ಅವರು ಹೇಳಿ ಬಂದಿದ್ರು.

"ಸುಧಾ ಈಗ ನಾರ್ತ್‌ವಿಲ್‌ನಲ್ಲಿಲ್ಲ. ಗ್ಲೆಂಡೇಲ್ ಹೈಟ್ಸ್‌ನಲ್ಲಿ ಅಣ್ಣನ ಮನೇಲಿದಾಳಂತೆ" ಅಂದೆ.

ಮೋರಿ-ಸಾನ್ ನಿಂತೇಬಿಟ್ರು. "ಮನೆ ನಂಬರ್?"

ನನಗೆ ಗೊತ್ತಿರಲಿಲ್ಲ. ಅವಳು ಹೋಗಿ ನಾಲ್ಕು ತಿಂಗಳಾಗಿತ್ತು, ನಾನು ಒಂದು ಫೋನೂ ಮಾಡಿರಲಿಲ್ಲ. ಕೆಲಸ ಉಳಿಸ್ಕೊಂಡೋಳು ಏನಂತ ಮಾತಾಡ್ಲಿ?

ಅವರು ತಮ್ಮ ಫೋನ್ ನನ್ನ ಕೈಗೆ ಕೊಟ್ರು. ಅಮೆರಿಕದಲ್ಲಿ ಇನ್ನೂ ಶನಿವಾರ ಸಂಜೆ. ಅವಳ ನಂಬರ್ ಒತ್ತಿದೆ.

"ಸುಧಾ, ನಿನ್ನ ಅಡ್ರೆಸ್ ಹೇಳೇ."

"ಇಷ್ಟು ದಿನ ಬಿಟ್ಟು ಅಡ್ರೆಸ್ಸಾ? ಯಾಕೇ, ಗೃಹಪ್ರವೇಶದ ಕಾರ್ಡ್ ಕಳಿಸ್ತೀಯಾ?" ಅಂತ ನಕ್ಕಳು.

ವಿಷಯ ಹೇಳಿದೆ. "ಅವರಿಗೆ ನನ್ನ ಹೆಸರು ನೆನಪಿದೆಯಾ?" ಅಂದಳು, ಮೆಲ್ಲಗೆ.

ಮೋರಿ-ಸಾನ್ ಅಡ್ರೆಸ್ಸನ್ನ ಚೀಟಿಯಲ್ಲಿ ಬರ್ಕೊಂಡು, ಮತ್ತೆ ಕೈ ತೊಳೆದು, ಮತ್ತೆ ಮೆಟ್ಟಿಲು ಹತ್ತಿದ್ರು. ಈ ಸಲ ನಾನೂ ಪಕ್ಕದಲ್ಲಿ ನಿಂತು ಅವಳ ಹೆಸರು ಹೇಳಿದೆ.

ಸುಧಾಗೆ ಕೆಲಸ ಸಿಕ್ಕಿದ್ದು ಮುಂದಿನ ವರ್ಷ. ಅಲ್ಲೀವರೆಗೂ ಒಂದು ಶನಿವಾರಾನೂ ನಾನು ಫೋನ್ ತಪ್ಪಿಸ್ಲಿಲ್ಲ.

ಕೆಲಸ ಹೋದ ಸ್ನೇಹಿತರಿಗೆ ಫೋನ್ ಮಾಡೋಕೆ ನಮಗೆ ಯಾಕಷ್ಟು ಹೆದರಿಕೆ, ಹೇಳಿ?