ಹೊಸ್ತಿಲ ಮುಂದಿನ ಬೆಚ್ಚನೆ ಸಾಲು

ಪಕ್ಕದ ಮನೆಯಲ್ಲಿ ಟೈಲ್ಸ್ ಕೆಲಸ ನಡೆಯುತ್ತಿದೆ. ಹಸಿ ಸಿಮೆಂಟಿನ ವಾಸನೆ ಕಿಟಕಿಯಿಂದ ಒಳಗೆ ಬಂದಾಗ ಒಲೆಯ ಮೇಲಿನ ಹಾಲನ್ನೂ ಮರೆತು ನಿಂತುಬಿಟ್ಟೆ. ನೆನಪಾದದ್ದು ನಮ್ಮ ಮೇಸ್ತ್ರಿ...

ಅಜ್ಜಂಪುರದ ಕಡೆಯವರು. ಬೆಳಗಿನ ಬಸ್ಸಿಗೆ ಕಡೂರಿಗೆ ಬಂದಿಳಿದು, ಕರಣೆ, ರಸಮಟ್ಟದ ಚೀಲ ಹೆಗಲಿಗೇರಿಸಿ ನಮ್ಮ ಮನೆಗೆ ನಡೆದೇ ಬರುತ್ತಿದ್ದರು. ಮಾತು ಕಡಿಮೆ. ನನಗೋ, ಕೆಲಸ ಮಾಡುವವರ ತಲೆಯ ಮೇಲೆ ನಿಂತು ಬುದ್ಧಿ ಹೇಳದಿದ್ದರೆ ತಿಂದದ್ದು ಅರಗುವುದಿಲ್ಲ.

ಆಗ ನಮ್ಮತ್ತೆಯ ಕಣ್ಣು ಪೂರ್ತಿ ಹೋಗಿತ್ತು. ಆದರೂ ಅಡುಗೆಮನೆ ಬಿಟ್ಟುಕೊಟ್ಟಿರಲಿಲ್ಲ. ಬರಿಗಾಲಲ್ಲಿ, ಗೋಡೆ ಸವರಿಕೊಂಡು ಬಂದು ಕಾಯಿ ತುರಿಯುತ್ತಿದ್ದರು, ಸೊಪ್ಪು ಬಿಡಿಸುತ್ತಿದ್ದರು. ಯಾರಾದರೂ ಕೈ ಹಿಡಿಯಲು ಹೋದರೆ ಸಿಡುಕುತ್ತಿದ್ದರು. ಅಲ್ಲಿಯ ಹಳೆಯ ಗಾರೆ ನೆಲ ಅಲ್ಲಲ್ಲಿ ಕಿತ್ತುಬಂದು ಗುಂಡಿ ಬಿದ್ದಿತ್ತು. ಈ ವಯಸ್ಸಲ್ಲಿ ಬಿದ್ದು ಸೊಂಟ ಮುರಿದರೆ ಮತ್ತೆ ಎದ್ದು ಓಡಾಡುವುದು ಕಷ್ಟ ಎಂದು ಡಾಕ್ಟರು ಹೆದರಿಸಿದ್ದರು. ಆ ಭಯಕ್ಕೇ ನಾನು ಅಡುಗೆಮನೆಗೆ ಟೈಲ್ಸ್ ಹಾಕಿಸಲು ಹೊರಟದ್ದು.

ನೆಲ ಅಗೆಯುವ ಹಾಗಿರಲಿಲ್ಲ. ಸೋಲಾರಿನ ಬಿಸಿನೀರಿನ ಪೈಪು ನೆಲದಡಿಯಲ್ಲಿ, ಬಾಗಿಲ ಚೌಕಟ್ಟಿನ ಹತ್ತಿರವೆಲ್ಲೋ ಹಾದುಹೋಗಿತ್ತು. ಎಲ್ಲಿ ಎಂದು ಅದನ್ನು ಹಾಕಿಸಿದ ನನ್ನ ಗಂಡನಿಗೇ ನೆನಪಿಲ್ಲ. ಹಳೆ ನೆಲದ ಮೇಲೆಯೇ ಹಾಕಿದರೆ ಹೊಸ್ತಿಲಿನ ಸಮಕ್ಕೆ ಬರುತ್ತದೆ ಎಂದರು ಮೇಸ್ತ್ರಿ. ನನಗೆ ಅದೇ ಬೇಕಿತ್ತು. ಎಡವಲು ಹೊಸ್ತಿಲೇ ಇಲ್ಲದ ಮೇಲೆ ಬೀಳುವುದೆಲ್ಲಿ? ಮುಂದೆ ನಡುಮನೆಗೂ ಹಾಕಿಸಿ ಮನೆಯೆಲ್ಲ ಒಂದೇ ಸಮ ಮಾಡಿಬಿಡೋಣ ಎಂದೆ.

ಮೇಸ್ತ್ರಿಯದು ಒಂದು ಪದ್ಧತಿ ಇತ್ತು. ಬಾಗಿಲ ಮುಂದಿನ ಕೊನೆಯ ಸಾಲನ್ನು ಸಿಮೆಂಟಿಲ್ಲದೆ, ಮರಳಿನ ಮೇಲೆ ಸುಮ್ಮನೆ ಇಟ್ಟು ಮನೆಯವರನ್ನು ನಡೆಸಿ ನೋಡುತ್ತಿದ್ದರು.

"ದೊಡ್ಡಮ್ಮಾರು ಒಂದ್ಸಲ ನಡೀಲಿ ಅಮ್ಮಾರೆ. ಆಮೇಲೆ ಗಟ್ಟಿ ಮಾಡ್ತೀನಿ."

ಅತ್ತೆ ಅಡುಗೆಮನೆಯ ಒಳಗಿಂದ ಬಾಗಿಲ ಕಡೆ ಬಂದರು. ಬಾಗಿಲ ಚೌಕಟ್ಟು ಕೈಗೆ ಸಿಕ್ಕಿತು, ನಿಂತರು. ಹೆಬ್ಬೆರಳಿನಿಂದ ಹುಡುಕಿದರು. ಬಣ್ಣ ಬಳಿದ ಮರವೂ ಟೈಲ್ಸೂ ಅವರ ಕಾಲಿಗೆ ಒಂದೇ.

"ಹೊಸ್ತಿಲೆಲ್ಲೇ? ಕಾಲಿಗೇ ಸಿಗ್ತಿಲ್ವಲ್ಲೇ..."

ಹುಟ್ಟಿದಾಗಿನಿಂದ ಹೊಸ್ತಿಲು ತುಳಿದವರಲ್ಲ ಅವರು. ದಿನಾ ಅರಿಶಿನ ಕುಂಕುಮ ಇಟ್ಟು ಕೈಮುಗಿಯುವ ಜಾಗ. ಎಲ್ಲಿ ತುಳಿದುಬಿಡುತ್ತೇನೋ ಎಂದು ಕಾಲನ್ನು ಮೊಣಕಾಲೆತ್ತರ ಎತ್ತಿ ದೂರಕ್ಕೆ ಚಾಚಿದರು. ವಾಲಿಬಿಟ್ಟರು. ನನ್ನ ಜೀವ ಬಾಯಿಗೆ ಬಂತು. ಮೇಸ್ತ್ರಿ ಕರಣೆ ಬಿಸಾಡಿ ಹಿಡಿದುಕೊಳ್ಳದಿದ್ದರೆ... ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ ನಾನು.

"ತಪ್ಪಾಯ್ತು ದೊಡ್ಡಮ್ಮಾರೆ, ಹೊಸ್ತಿಲ್ನೇ ಹೂತ್ಬಿಟ್ಟಿದ್ದೆ" ಎಂದರು ಮೇಸ್ತ್ರಿ. ತಪ್ಪು ನನ್ನದು. ಅವರು ನನ್ನ ಕಡೆ ಬೆರಳು ತೋರಿಸಲಿಲ್ಲ.

ಆ ಸಾಲಿನ ಟೈಲ್ಸ್ ಎತ್ತಿ, ಮರಳನ್ನೆಲ್ಲ ಗೋರಿ ತೆಗೆದು, ಸಿಂಕಿನ ಬಿಸಿನೀರಿನ ನಲ್ಲಿ ಬಿಡಲು ಹೇಳಿದರು. ಹಳೆಯ ಗಾರೆಯ ಮೇಲೆ ಅಂಗೈ ಊರಿ, ಮಗುವಿನ ಜ್ವರ ನೋಡುವವರ ಹಾಗೆ ಕಣ್ಣುಮುಚ್ಚಿ ಸರಿಯುತ್ತ ಹೋದರು. ಬೆಚ್ಚಗಿದ್ದ ಕಡೆಯೆಲ್ಲ ಸೀಮೆಸುಣ್ಣದ ಗೆರೆ. ಪೈಪು ಹೊಸ್ತಿಲ ಮುಂದೆಯೇ ಅಡ್ಡಕ್ಕೆ ಮಲಗಿತ್ತು. ಮೆಷಿನ್ ಮುಟ್ಟಲಿಲ್ಲ. ಎರಡು ದಿನ ಉಳಿ ಹಿಡಿದು, ಪೈಪಿನ ಮೇಲೆ ತೆಳುವಾಗಿ ಕೆರೆದು ನೆಲ ತಗ್ಗಿಸಿದರು. ಪ್ರತಿ ಏಟಿಗೂ ನಾನು ದೇವರನ್ನು ನೆನೆಯುತ್ತಿದ್ದೆ. ಕೊನೆಯ ಸಾಲು ನಯವಾಗಿ ಇಳಿಯಿತು, ಹೊಸ್ತಿಲು ಮತ್ತೆ ತಲೆಯೆತ್ತಿತು. ಬಿಸಿಗೆ ಟೈಲ್ಸ್ ಹಿಗ್ಗುತ್ತದೆಂದು ಮರಕ್ಕೂ ಅದಕ್ಕೂ ನಡುವೆ ದಾರದಷ್ಟು ಸಂದು ಬಿಟ್ಟರು.

ಸಿಮೆಂಟ್ ಗಟ್ಟಿಯಾದ ಮೇಲೆ ಒಂದು ಬೆಳಿಗ್ಗೆ ಅತ್ತೆ ಮತ್ತೆ ನಡೆದರು. ನಾನು ಪಾತ್ರೆ ತೊಳೆಯಲು ಬಿಸಿನೀರಿನ ನಲ್ಲಿ ಬಿಟ್ಟಿದ್ದೆ. ಬಾಗಿಲ ಹತ್ತಿರ ಥಟ್ಟನೆ ನಿಂತರು.

"ಇಲ್ಲಿ ಬೆಚ್ಚಗೈತೆ ಕಣೇ!"

ಇನ್ನೊಂದು ಹೆಜ್ಜೆ. ಬೆರಳು ಮರಕ್ಕೆ ತಗುಲಿತು. ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಆರಾಮಾಗಿ ದಾಟಿಹೋದರು. ಹೋದ ಜೀವ ಬಂದಂತಾಗಿ ನಾನು ಗಳಗಳ ಅತ್ತುಬಿಟ್ಟೆ. ಮೇಸ್ತ್ರಿ ಆ ಕಡೆ ತಿರುಗಿ, ತೊಳೆದಿದ್ದ ಕರಣೆಯನ್ನೇ ಮತ್ತೆ ತೊಳೆಯುತ್ತಿದ್ದರು. ನಡುಮನೆಯ ಟೈಲ್ಸಿನ ಮಾತನ್ನು ನಾನು ಮತ್ತೆ ಎತ್ತಲಿಲ್ಲ.

ಅತ್ತೆ ಆಮೇಲೆ ನಾಲ್ಕು ವರ್ಷ ಇದ್ದರು. ಕೊನೆಯ ದಿನವೂ ತಾವೇ ಎದ್ದು ಬಂದು ಕಾಫಿ ಕುಡಿದು ಹೋದರು. ಅದನ್ನು ಮೇಸ್ತ್ರಿಗೆ ಹೇಳಬೇಕು, ಹೇಳಬೇಕು ಎಂದುಕೊಳ್ಳುತ್ತಲೇ ಕಾಲ ಕಳೆದೆ...

ಹೋದ ವಾರ ತರೀಕೆರೆಯ ಒಂದು ಮದುವೆಯಲ್ಲಿ ಅವರ ಮಗಳು ಸಿಕ್ಕಳು. ಮೇಸ್ತ್ರಿ ತೀರಿಹೋಗಿ ಆರು ತಿಂಗಳಾಯಿತಂತೆ.

"ಕಡೂರು ಕಡೆಯೋರು ಯಾರೇ ಸಿಕ್ಕಿದ್ರೂ ಕೇಳೋರು ಕಣಮ್ಮಾ, ಆ ದೊಡ್ಡಮ್ಮ ಬೀಳ್ದಂಗೆ ಓಡಾಡ್ತಾವ್ರಾ ಅಂತ" ಎಂದಳು.

ಅವಳ ಎರಡೂ ಕೈ ಹಿಡಿದುಕೊಂಡು, "ಒಂದಿನಾನೂ ಬೀಳ್ಲಿಲ್ಲ ಕಣವ್ವಾ" ಎಂದೆ.